ಗೋಡೆಗೆ ಉಡಿ ತುಂಬಿದ್ದು

ನಮ್ಮತ್ತೆಗೆ ಬೇಕಾಗಿದ್ದದ್ದು ಅಡಿಗೆಮನೆಗೆ ಒಂದು ಕಿಟಕಿ. ನನಗೆ ಬೇಕಾಗಿದ್ದದ್ದು ಮನೆಯ ಮೂಲ ಸ್ವರೂಪ. ಮೂಲ ಸ್ವರೂಪದಲ್ಲಿ ಕಿಟಕಿ ಇರಲಿಲ್ಲ. ಜಗಳ ಇಷ್ಟೇ. ಇಷ್ಟಕ್ಕೇ ನಾವಿಬ್ಬರೂ ಒಂದಿಡೀ ಚಳಿಗಾಲ ಮುಖ ಊದಿಸಿಕೊಂಡು, ಆದರೆ ಒಂದೇ ಬುಟ್ಟಿಯ ರೊಟ್ಟಿ ತಿಂದುಕೊಂಡು ಕಳೆದೆವು.

ಮನೆ ಇರುವುದು ರಬಕವಿಯ ಹಳೆ ಓಣಿಯಲ್ಲಿ. ಕಲ್ಲು-ಮಣ್ಣಿನ ದಪ್ಪ ಗೋಡೆ, ಸಾಗವಾನಿ ಕಂಬ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ತಲಬಾಗಿಲು ಎಷ್ಟು ಗಿಡ್ಡ ಅಂದರೆ, ಬೀಗರು ಒಳಗೆ ಬಂದಾಗ ನಮಸ್ಕಾರ ಮಾಡಿದರೋ ಹಣೆ ಬಡಿಸಿಕೊಂಡರೋ ತಿಳಿಯುವುದಿಲ್ಲ. ಪಡಸಾಲೆಯಲ್ಲಿ ಮಾವನವರ ಕಾಲದವರೆಗೂ ಕೈಮಗ್ಗ ಇತ್ತಂತೆ. ಈಗ ಹಿತ್ತಲಿನ ಶೆಡ್ಡಿನಲ್ಲಿ ಪವರ್‌ಲೂಮ್‌ಗಳಿವೆ. ಸೀರೆ ನೇಯುವುದೂ ಅವೇ, ಮನೆ ನಡುಗಿಸುವುದೂ ಅವೇ. ಅವು ಓಡುತ್ತಿರುವಷ್ಟು ಹೊತ್ತೂ ಮಾಳಿಗೆಯ ಮಣ್ಣು ಅನ್ನದ ಮೇಲೆ, ಹಾಲಿನ ಮೇಲೆ, ನಾನು ತಿದ್ದುವ ಉತ್ತರಪತ್ರಿಕೆಗಳ ಮೇಲೆ ಭೇದವಿಲ್ಲದೆ ಉದುರುತ್ತಿರುತ್ತದೆ. ನಮ್ಮತ್ತೆಯ ಅರ್ಧ ಆಯುಷ್ಯ ಪಾತ್ರೆಗಳಿಗೆ ಮುಚ್ಚಳ ಹುಡುಕುವುದರಲ್ಲೇ ಹೋಗಿದೆ.

ಅಡಿಗೆಮನೆ ಇರುವುದು ಬಲಗಡೆ, ಪಕ್ಕದ ಮನೆಗೂ ನಮಗೂ ನಡುವಿನ ಸಂದಿಯ ಬದಿಗೆ. ಅಲ್ಲಿ ಬೆಳಕು ಬರುವುದು ಮಾಳಿಗೆಯಲ್ಲಿರುವ ಒಂದು ಬೆಳಕಿಂಡಿಯಿಂದ ಮಾತ್ರ. ಮಳೆ ಬಂದರೆ ಅದಕ್ಕೂ ತಗಡು ಮುಚ್ಚಬೇಕು. ಕರೆಂಟು ಹೋದರೆ ನಡುಹಗಲಿನಲ್ಲೂ ಸಾಸಿವೆ ಯಾವುದು, ಜೀರಿಗೆ ಯಾವುದು ಅಂತ ಬೆರಳಿನಿಂದ ಮುಟ್ಟಿ ತಿಳಿಯಬೇಕು. ಸಂದಿಯ ಕಡೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡು ಇತ್ತು, ಉಪ್ಪಿನಕಾಯಿಯ ಭರಣಿ ಇಡುವುದಕ್ಕೆ. ಆ ಗೂಡಿನ ವಿಷಯ ಮುಂದೆ ಬರುತ್ತದೆ. ಬಾರದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ನಾನು ಬನಹಟ್ಟಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಿಜ ಹೇಳಬೇಕೆಂದರೆ, ಮದುವೆಯಾಗಿ ಬಂದ ಮೇಲೆ ಬಹಳ ವರ್ಷ ಈ ಮನೆಯನ್ನು ನಾನೂ ಬೈದವಳೇ. ಒಂದು ರವಿವಾರ ಯಾರೋ ನಾಲ್ಕು ಜನ ದೊಡ್ಡ ಕ್ಯಾಮೆರಾ ಹಿಡಿದು ಓಣಿಗೆ ಬಂದರು. ನಮ್ಮ ತಲಬಾಗಿಲಿನ ಮುಂದೆ ನಿಂತು, "ಎಂಥ ಕೆತ್ತನೆ! ಇಂಥದ್ದನ್ನು ಯಾರೂ ಉಳಿಸೋದಿಲ್ಲ ಮೇಡಂ," ಅಂದರು. ನನ್ನನ್ನು ಮೇಡಂ ಅಂದವರು ಶಾಲೆಯಲ್ಲೂ ಕಡಿಮೆ. ಅಲ್ಲಿ ಎಲ್ಲರಿಗೂ ನಾನು ಅಕ್ಕೋರು. ಅವತ್ತು ಸಂಜೆಯೇ ನಾನು ಪರಂಪರೆಯ ರಕ್ಷಕಿಯಾದೆ. ಹಳೆ ಮನೆಗಳ ದುರಸ್ತಿಯ ವಿಡಿಯೋಗಳನ್ನು ನೋಡಿ ನೋಡಿ ಮೊಬೈಲು ಬಿಸಿಯಾಯಿತು, ತಲೆಯೂ.

ಆಮೇಲೆ ಮನೆಗೆ ಯಾರೇ ಬರಲಿ, ಅವರಿಗೆ ಚಹಾಕ್ಕಿಂತ ಮೊದಲು ಪಾಠ. ಕಂಬ ತೋರಿಸುತ್ತಿದ್ದೆ, ತೊಲೆ ತೋರಿಸುತ್ತಿದ್ದೆ, ಕೊನೆಗೆ ಅಡಿಗೆಮನೆಗೆ ಕರೆದೊಯ್ದು ಆ ಗೂಡು ತೋರಿಸುತ್ತಿದ್ದೆ. "ನೋಡ್ರಿ, ಹಿಂದಿನವರು ಗೋಡೆಯ ದಪ್ಪವನ್ನು ಎಷ್ಟು ಜಾಣತನದಿಂದ ಬಳಸಿದ್ದಾರೆ. ಈ ಗೂಡೇ ಈ ಮನೆಯ ಜೀವ," ಅನ್ನುತ್ತಿದ್ದೆ. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಗೂಡಿನ ಮಾತು ಬಂದಾಗ ಮಾತ್ರ ಅವರ ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಗುತ್ತಿತ್ತು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

ಒಂದು ದಿನ ಅತ್ತೆ ಬಾಯಿ ಬಿಟ್ಟರು.

"ಮನಿ ಉಳಸ್ತೀನಿ ಅಂತಿ. ಉಳಸು. ಒಂದು ಖಿಡಕಿ ಇಡಸು ಅಡಗಿ ಮನಿಗೆ."

"ಅತ್ತೀ, ಮೂಲ ಮನಿಯೊಳಗ ಖಿಡಕಿ ಇಲ್ರಿ. ಈಗ ಗ್ವಾಡಿ ಒಡದ್ರ ಅದರ ಸ್ವರೂಪನ ಹೋಗತೈತಿ."

"ನನ್ನ ಸ್ವರೂಪ ಹೊಗಿಯೊಳಗ ಹೋಗೇತಲ್ಲ, ಅದನ್ನ ಯಾರ ಉಳಸವರು? ಇಷ್ಟು ವರ್ಷ ಈ ಮನಿ ನನ್ನ ಉಳಸಲಿಲ್ಲ, ನಾ ಯಾಕ ಇದನ್ನ ಉಳಸಬೇಕ? ಕೆಡವಿ ಸ್ಲ್ಯಾಬ್ ಹಾಕ್ಸು. ಸಂದಿ ಆಚಿ ಮನಿ ನೋಡು, ಹೆಂಗ ಥಳಥಳ ಅಂತೈತಿ."

ಸಂದಿಯ ಆಚೆಯದು ಒಂದು ಜೈನರ ಮನೆ. ಅಲ್ಲಿಯ ಹಿರಿಯ ಹೆಂಗಸನ್ನು ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತೇವೆ. ಅತ್ತೆಯೂ ಕಾಕುವೂ ಒಂದೇ ವರ್ಷ ಈ ಓಣಿಗೆ ಸೊಸೆಯಂದಿರಾಗಿ ಬಂದವರು. ಕಾಕುವಿನ ಮಗ ಹಳೆ ಮನೆ ಕೆಡವಿ ಎರಡಂತಸ್ತಿನ ಮನೆ ಕಟ್ಟಿಸಿದ್ದ. ಆ ಮನೆಯ ಬಗ್ಗೆ ಮೂಗು ಮುರಿಯುವುದು ಆಗ ನನ್ನ ದಿನಚರಿಯಾಗಿತ್ತು. ಅದರಲ್ಲೂ ಕಾಕು ಹಟ ಮಾಡಿ ತಮ್ಮ ಅಡಿಗೆಮನೆಗೆ ನಮ್ಮ ಬೋಳು ಗೋಡೆಗೆ ಎದುರಾಗಿ ದೊಡ್ಡದೊಂದು ಗಾಜಿನ ಕಿಟಕಿ ಇಡಿಸಿದ್ದರು. ರಸ್ತೆಯ ಕಡೆ ಇಟ್ಟರೆ ಗಾಳಿಯಾದರೂ ಬರುತ್ತದೆ ಅಂತ ಇಂಜಿನಿಯರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. "ಗ್ವಾಡಿ ನೋಡಾಕ ಖಿಡಕಿ ಇಡಿಸ್ಕೊಂಡಾರ," ಅಂತ ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆ.

ಈಚೆಗೆ ಅತ್ತೆಗೂ ಕಾಕುವಿಗೂ ಮೊಣಕಾಲು ನೋವು. ಸಂದಿ ಕೈಯಳತೆಯಷ್ಟೇ ಅಗಲ, ಆದರೆ ಇವರ ತಲಬಾಗಿಲಿನಿಂದ ಅವರ ತಲಬಾಗಿಲಿಗೆ ಹೋಗಬೇಕಾದರೆ ಓಣಿ ಸುತ್ತಬೇಕು, ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಹಬ್ಬಕ್ಕೊಮ್ಮೆ ಭೇಟಿಯಾದರೆ ಹೆಚ್ಚು.

ಇನ್ನು ನನ್ನ ಗಂಡ. ಅವರು ಹಗಲೆಲ್ಲ ಶೆಡ್ಡಿನಲ್ಲಿ ಮಗ್ಗಗಳ ಸಪ್ಪಳದಲ್ಲಿ ಇರುವವರು. ಯಾರು ಏನು ಕೇಳಿದರೂ "ಹೂಂ" ಅನ್ನುವುದು ಅವರ ಸ್ವಭಾವವಲ್ಲ, ಕೆಲಸದ ರೀತಿ. ನಾನು ಶೆಡ್ಡಿಗೆ ಹೋಗಿ, "ಹಳೆ ಪದ್ಧತಿಯೊಳಗ ರಿಪೇರಿ ಮಾಡ್ಸೂಣ್ರಿ," ಅಂದೆ. ಹೂಂ ಅಂದರು. ಅತ್ತೆ ಹೋಗಿ, "ಕೆಡವಿ ಸ್ಲ್ಯಾಬ್ ಹಾಕ್ಸೂಣೋ," ಅಂದರು. ಅದಕ್ಕೂ ಹೂಂ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಾಗ, ಪಡಸಾಲೆಯಲ್ಲಿ ನನ್ನ ಕಡೆಯ ಗಾರೆಗೆಲಸದ ಗೌಂಡಿಯೂ ಅತ್ತೆ ಕರೆಸಿದ್ದ ಜೆಸಿಬಿಯವನೂ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು. ಗಂಡ ಒಳಗೆ ಬಂದವರು, "ಯಾರ್ರಿ ಇವ್ರು?" ಅಂದರು. ತಾನು ಏನೇನಕ್ಕೆ ಒಪ್ಪಿದ್ದೇನೆ ಅನ್ನುವುದು ಅವರಿಗೆ ಅವತ್ತೇ ಕೇಳಿಸಿತು.

ಜೆಸಿಬಿ ಓಣಿಯೊಳಗೆ ಹಿಡಿಯುವುದೇ ಇಲ್ಲ ಅಂತ ಅವನು ಹೋಗಿಬಿಟ್ಟ. ಅತ್ತೆ ಸೋಲಲಿಲ್ಲ. ಮಗನನ್ನು ನಡುವೆ ಕೂಡಿಸಿಕೊಂಡು ಕರಾರು ಹಾಕಿದರು.

"ಮೊದಲ ಅಡಗಿ ಮನಿ ಗ್ವಾಡಿಗೆ ನಿನ್ನ ಹಳೆ ಗಿಲಾವ ಮಾಡ್ಸು. ಯುಗಾದಿಗೆ ಆ ಗ್ವಾಡಿ ಗಟ್ಟಿ ನಿಂತಿತ್ತಂದ್ರ ಮನಿ ನಿನ್ನಂಗ. ಖಿಡಕಿ ಸುದ್ದಿ ನಾ ತಗ್ಯಾಂಗಿಲ್ಲ. ಉದುರಿತಂದ್ರ ಮನಿ ನನ್ನಂಗ. ಜೆಸಿಬಿ ಬರದಿದ್ರ ಏನಾತು, ಕೈಲೆ ಕೆಡವತಾರ."

ನನಗೆ ಒಪ್ಪಿಗೆಯಾಯಿತು. ಸುಣ್ಣದ ಗಿಲಾವು, ಅಂದರೆ ಗಾರೆಯ ಲೇಪ, ತಲೆತಲಾಂತರ ನಿಲ್ಲುತ್ತದೆ ಅಂತ ವಿಡಿಯೋದಲ್ಲಿ ಎಲ್ಲರೂ ಹೇಳಿದ್ದರು.

ಗೌಂಡಿಯ ಬಾಯಲ್ಲಿ ಒಂದೇ ಮಾತು: "ಚಿಂತಿ ಬಿಡ್ರಿ ಅಕ್ಕೋರ." ಸುಣ್ಣದ ಕೆಲಸ ಗೊತ್ತೇನು ಅಂದರೆ ಚಿಂತಿ ಬಿಡ್ರಿ, ಎಲ್ಲಿ ಮಾಡಿದ್ದೀ ಅಂದರೆ ಚಿಂತಿ ಬಿಡ್ರಿ. ಅವನ ಮನಸ್ಸೆಲ್ಲ ಟೈಲ್ಸ್ ಮೇಲೆ. ಮೊದಲ ದಿನವೇ ಸಾಗವಾನಿ ಕಂಬವನ್ನು ತಟ್ಟಿ ನೋಡಿ, "ಇದಕ್ಕ ಕಟಗಿ ಡಿಸೈನ್ ಟೈಲ್ಸ್ ಹಚ್ಚೂಣ್ರಿ ಅಕ್ಕೋರ, ಖರೆ ಕಟಗಿ ಕಂಡಂಗ ಕಾಣತೈತಿ," ಅಂದ. ಅದು ಖರೆ ಕಟ್ಟಿಗೆಯೇ ಅಂತ ಹೇಳಿದೆ. "ಹೌದ್ರಿ, ಆದ್ರ ಹಂಗ ಕಾಣಾಂಗಿಲ್ಲಲ್ರಿ," ಅಂದ. ನಾನು ಅವನ ಕೈಯಿಂದ ಕಂಬ ಬಿಡಿಸಿ ಗೋಡೆ ತೋರಿಸಿದೆ.

ಕಲ್ಲುಸುಣ್ಣ ಬಂತು, ಅಂಗಳದ ತೊಟ್ಟಿಯಲ್ಲಿ ಕುದ್ದು ಕೊಳೆಯಿತು. ಉಸುಕು ಬಂತು. ಉಳಿದದ್ದು ಬೆಲ್ಲ. ಹಳೆ ಗಿಲಾವಿಗೆ ಬೆಲ್ಲದ ನೀರು ಬೇಕು, ಸುಣ್ಣ ಹಿಡಿದುಕೊಳ್ಳುತ್ತದೆ. "ಸ್ವಲ್ಪವೇ ಹಾಕಬೇಕು" ಅಂತ ವಿಡಿಯೋದವನು ಒತ್ತಿ ಒತ್ತಿ ಹೇಳಿದ್ದ. ಆದರೆ ಅವನು ಯಾವ ಸೀಮೆಯವನೋ. ಮುಧೋಳ, ಜಮಖಂಡಿ ಕಡೆ ಬೆಲ್ಲದ ವಿಷಯದಲ್ಲಿ ಸ್ವಲ್ಪ ಅನ್ನುವ ಅಳತೆಯೇ ಇಲ್ಲ. ಹೋಳಿಗೆಗೆ ಬೆಲ್ಲ ಕಡಿಮೆ ಹಾಕಿದ ಮನೆಯ ಹೆಸರು ಮೂರು ತಲೆಮಾರಿನವರೆಗೆ ನೆನಪಿಟ್ಟುಕೊಳ್ಳುವ ಜನ ನಾವು.

ನನ್ನ ತವರು ಮುಧೋಳದ ಹತ್ತಿರ. ಅಣ್ಣನ ಹೊಲದಲ್ಲಿ ಬೆಲ್ಲದ ಗಾಣ ಇದೆ. ಗೋಡೆಗೆ ಬೆಲ್ಲ ಬೇಕು ಅಂತ ಫೋನು ಮಾಡಿದೆ. ಅವನಿಗೆ ಗೋಡೆ ಅನ್ನುವುದು ಕೇಳಿಸಲೇ ಇಲ್ಲವೋ ಏನೋ, ತಂಗಿ ಬೆಲ್ಲ ಕೇಳಿದಳು ಅನ್ನುವುದಷ್ಟೇ ಕೇಳಿಸಿತು. ಹೊನ್ನಿನ ಬಣ್ಣದ ಹೊಸ ಬೆಲ್ಲ, ದೊಡ್ಡ ದೊಡ್ಡ ಅಚ್ಚಿನ ಪೆಂಟಿಗಳಾಗಿ ಟೆಂಪೋದಲ್ಲಿ ಬಂದು ಇಳಿಯಿತು. ಓಣಿಯ ಹೆಂಗಸರೆಲ್ಲ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು, "ಇದನ್ನ ಗ್ವಾಡಿಗೆ ಹಾಕ್ತೀರೇನ್ರೀ? ಪಾಪ ಹತ್ತತೈತಿ," ಅಂದರು. ನಾನು ಅತ್ತೆಯ ಕಣ್ಣು ತಪ್ಪಿಸಿ ಒಂದು ಪೆಂಟಿಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಅವರಿಗೆ ಸಕ್ಕರೆ ಬೇನೆ. ಬೆಲ್ಲ ಕಂಡರೆ ಕೈ ತಡೆಯುವುದಿಲ್ಲ.

ಮರುದಿನ ನಾನು ಶಾಲೆಗೆ ಹೋದೆ. ಹೋಗುವ ಮುಂಚೆ ಗೌಂಡಿಗೆ ಒಂದು ತಂಬಿಗೆ ತೋರಿಸಿ, ಬೆಲ್ಲದ ನೀರು ಇಷ್ಟೇ ಹಾಕಬೇಕು ಅಂತ ಎರಡೆರಡು ಸಲ ಹೇಳಿದೆ. "ಚಿಂತಿ ಬಿಡ್ರಿ ಅಕ್ಕೋರ."

ಮುಂದಿನದನ್ನು ನನಗೆ ಹಲವರು ಹಲವು ರೀತಿ ಹೇಳಿದರು. ಎಲ್ಲವನ್ನೂ ಕೂಡಿಸಿದರೆ ನಡೆದದ್ದು ಇದು. ಗೌಂಡಿ ತಂಬಿಗೆಯಷ್ಟು ಬೆಲ್ಲದ ನೀರು ಹಾಕಿದ. ಅತ್ತೆ ಬಂದು ನೋಡಿದರು. "ಇಷ್ಟಽ ಏನ? ಸೊಸಿ ತವರು ಮನಿ ಬೆಲ್ಲ. ನಾಳೆ ಆಕಿ ಅಣ್ಣ ಬಂದು, ನಮ್ಮ ಬೆಲ್ಲ ಎಲ್ಲಿ ಹೋತು ಅಂದ್ರ ಏನ ಹೇಳ್ಲಿ?" ಅಂದರು. ಇನ್ನೊಂದು ಕೊಡ ಬಿತ್ತು. ಅಷ್ಟರಲ್ಲಿ ಎಡಗಡೆಯ ಮನೆಯವಳು ಬಂದು, ಮನೆಯ ಮೊದಲ ಗೋಡೆ, ಬರಿಗೈಲಿ ಹೆಂಗ ಕಳಿಸೂದು, ಉಡಿ ತುಂಬೂಣು ಅಂದಳು. ಮಗಳು ಗಂಡನ ಮನೆಗೆ ಹೊರಟಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬುತ್ತೇವಲ್ಲ, ಹಾಗೆ. ಗೋಡೆಗೆ ಸೆರಗು ಎಲ್ಲಿ? ಸುಣ್ಣದ ಬುಟ್ಟಿಯೇ ಸೆರಗಾಯಿತು. ಓಣಿಯ ಹೆಂಗಸರೆಲ್ಲ ಅರಿಷಿಣ ಕುಂಕುಮ ತಂದರು, ಒಂದೊಂದು ಉಂಡೆ ಬೆಲ್ಲ ತಂದು ಸುಣ್ಣದೊಳಗೆ ಹಾಕಿದರು. ಕಾಕು ತಮ್ಮ ಸೊಸೆಯ ತೋಳು ಹಿಡಿದುಕೊಂಡು, ಓಣಿ ಸುತ್ತಿ, ಮೆಟ್ಟಿಲು ಇಳಿದು ಹತ್ತಿ ಬಂದರಂತೆ. ಎಲ್ಲರಿಗಿಂತ ದೊಡ್ಡ ಉಂಡೆ ಅವರದು. ಗೌಂಡಿ ಬೇಡವೆನ್ನಲಿಲ್ಲ. ಅವನಿಗೂ ಎಲೆಯಡಿಕೆ ಸಿಕ್ಕಿತ್ತು.

ನಾನು ಸಂಜೆ ಬಂದಾಗ ಗೋಡೆ ಫಳಫಳ ಹೊಳೆಯುತ್ತಿತ್ತು. ನನಗೆ ಕಣ್ಣೀರೇ ಬಂತು. ಕ್ಯಾಮೆರಾದವರಿಗೆ ಫೋಟೋ ತೆಗೆದು ಕಳಿಸಿದೆ.

ಆ ಹೊಳಪು ಹೋಗಲೇ ಇಲ್ಲ. ವಾರ ಕಳೆಯಿತು, ಗೋಡೆ ಒಣಗಲಿಲ್ಲ. ಬೆರಳಿಟ್ಟರೆ ಬೆರಳು ಅಂಟುತ್ತಿತ್ತು. ಮೊದಲು ನೊಣ ಬಂದವು. ಆಮೇಲೆ ಇರುವೆ. ಸಣ್ಣ ಕೆಂಪಿರುವೆ ಸಂದಿಯಿಂದ ಬಂದವು, ದೊಡ್ಡ ಕರಿ ಇರುವೆ ಮಾಳಿಗೆಯಿಂದ ಇಳಿದವು, ಗೋಡೆಯ ನಡುವೆ ಎರಡೂ ಸೈನ್ಯ ಎದುರಾದವು. ನಾನು ಮಕ್ಕಳಿಗೆ ಯುದ್ಧಗಳ ಪಾಠ ಮಾಡಿದವಳು. ಅಂಥ ಶಿಸ್ತನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಓಣಿಯ ಆಡೊಂದು ಬಾಗಿಲು ದಾಟಿ ಒಳಗೆ ಬಂದು ಗೋಡೆ ನೆಕ್ಕಿ ಹೋಯಿತು. ಗೌಂಡಿಯನ್ನು ಕರೆಸಿದೆ. ಗೋಡೆ ಮುಟ್ಟಿದ, ಬೆರಳು ನೆಕ್ಕಿದ. "ಬೆಲ್ಲ ಛಲೋ ಐತ್ರಿ ಅಕ್ಕೋರ," ಅಂದ.

ಯುಗಾದಿ ಹತ್ತಿರ ಬಂತು. ನನಗೆ ನಿಜಕ್ಕೂ ನಿದ್ದೆ ಹತ್ತದಾಯಿತು. ಆ ಕಂಬ, ಆ ತೊಲೆ, ಹಣೆ ಬಡಿಯುವ ಆ ಬಾಗಿಲು ಎಲ್ಲ ಹೋಗಿ ಹೊಳೆಯುವ ಟೈಲ್ಸ್ ಬರುತ್ತದೆ ಅಂತ ನೆನೆದು ನಡುರಾತ್ರಿ ಎದ್ದು ಕಂಬ ತಡವಿ ಬರುತ್ತಿದ್ದೆ. ಮನೆಯನ್ನು ಬೈದವಳು ನಾನು, ಆದರೆ ನನ್ನ ಮಗಳು ಅಂಬೆಗಾಲಿಟ್ಟಿದ್ದು ಆ ಪಡಸಾಲೆಯಲ್ಲೇ. ಅತ್ತೆ ಮಾತ್ರ ಇರುವೆಗಳಿಗೆ ಅರಿಷಿಣ ಚೆಲ್ಲುತ್ತ, ಮುಚ್ಚಳ ಹುಡುಕುತ್ತ ಇದ್ದರು.

ಹಬ್ಬದ ಮುಂಚಿನ ದಿನ ಬೆಳಿಗ್ಗೆ ಒಂದು ಸಪ್ಪಳವಾಯಿತು. ಗೂಡಿನ ಸುತ್ತಲಿನ ಗಿಲಾವು ಪೂರಾ, ಒಳಗಿನ ಹಳೆ ಮಣ್ಣನ್ನೂ ಎಳೆದುಕೊಂಡು, ಉಪ್ಪಿನಕಾಯಿಯ ಭರಣಿಯ ಸಮೇತ ನೆಲಕ್ಕೆ ಬಿತ್ತು. ನಾನು ಸೋತೆ ಅಂತ ಗೌಂಡಿಗೆ ಹೇಳಿ ಕಳಿಸಿದೆ. ಗೌಂಡಿ ಬಂದು ಮಣ್ಣು ಸರಿಸಿದ. ಕಟ್ಟಿಗೆಯ ಪಟ್ಟಿಯೊಂದು ಕಂಡಿತು. ಅದರ ಕೆಳಗೆ ಇನ್ನೊಂದು. ನಡುವೆ ಉದ್ದುದ್ದಕ್ಕೆ ಸಾಗವಾನಿ ಸರಳುಗಳು. ಸರಳುಗಳ ಆಚೆ ತುಂಬಿದ್ದ ಸಡಿಲ ಕಲ್ಲನ್ನು ಅವನು ಒಮ್ಮೆ ನೂಕಿದ. ಕಲ್ಲು ಸಂದಿಯೊಳಗೆ ಬಿತ್ತು. ಅಡಿಗೆಮನೆಯೊಳಗೆ ಬಿಸಿಲು ಬಂತು.

ನಾನು ಈ ಮನೆಯ ಜೀವ ಅಂತ ಊರವರಿಗೆಲ್ಲ ತೋರಿಸಿದ ಗೂಡು, ಮುಚ್ಚಿದ ಕಿಟಕಿಯ ಅರ್ಧ ಹೊಟ್ಟೆ.

"ಅತ್ತೀ, ಇಲ್ಲಿ ಖಿಡಕಿ ಇತ್ರಿ!" ಅಂದೆ.

"ಗೊತ್ತೈತಿ," ಅಂದರು ಅತ್ತೆ. ಬಿಸಿಲಿಗೆ ಅವರ ಕಣ್ಣು ಕಿರಿದಾಗಿದ್ದವು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನಾ ಬಂದ ವರ್ಷ ಇತ್ತು. ಸಂದಿ ಆಚೆ ನಿಮ್ಮ ಕಾಕೂದೂ ಅಡಗಿ ಮನಿ, ಆಕೀದೂ ಖಿಡಕಿ. ಆಕಿ ಬಸುರಿದ್ಲು. ಬೆಲ್ಲ ತಿನ್ನಬೇಕಂತ ಜೀವ ಒದ್ದಾಡತಿತ್ತು, ಆಕಿ ಅತ್ತಿ ಬೆಲ್ಲಕ್ಕ ಕೀಲಿ ಹಾಕಿದ್ಲು. ನಾ ನಮ್ಮ ಬೆಲ್ಲ ಮುರದು ಖಿಡಕ್ಯಾಗಿಂದ ಕೊಡತಿದ್ನಿ. ಒಂದಿನ ನಮ್ಮತ್ತಿ ನೋಡಿಬಿಟ್ರು. ಮರುದಿನ ಗ್ವಾಡಿ ಕಟ್ಟಿಸಿಬಿಟ್ರು."

"ಮತ್ತ ನನಗ ಯಾಕ ಹೇಳಲಿಲ್ರಿ? ಮೊದಲ ಖಿಡಕಿ ಇತ್ತು ಅಂದಿದ್ರ ನಾ ಅವತ್ತಽ ತೆಗಸತಿದ್ನಲ್ರಿ!"

"ಬೆಲ್ಲ ಕಳವು ಮಾಡಿ ಸಿಕ್ಕೊಂಡದ್ದನ್ನ ಸೊಸಿ ಮುಂದ ಹೆಂಗ ಹೇಳ್ಲಿ ಬೇ? ಅದೂ ಸಾಲ್ಯಾಗ ಕಲಸೂ ಅಕ್ಕೋರ ಮುಂದ!"

ನನಗೆ ನಗು ಬಂತು. ಆಮೇಲೆ ಒಲೆಯ ಕಡೆ ನೋಡಿದೆ. ಅಷ್ಟು ವರ್ಷ ಆ ಕತ್ತಲಲ್ಲಿ, ಆ ಗೂಡಿನ ಎದುರಿಗೇ ಕೂತು ರೊಟ್ಟಿ ಬಡಿದಿದ್ದಾರೆ. ಕೊನೆಗೆ ಕೇಳಿದೆ, "ಮನಿ ಕೆಡವೂದೇನ್ರಿ ಈಗ? ಗ್ವಾಡಿ ಬಿತ್ತು. ಮಾತಿನ ಪ್ರಕಾರ ನೀವು ಗೆದ್ರಿ."

ಅತ್ತೆ ಮೇಲೆ ನೋಡಿದರು. ಹಿತ್ತಲಲ್ಲಿ ಮಗ್ಗಗಳು ಶುರುವಾಗಿದ್ದವು. ಬಿಸಿಲಿನ ಕೋಲಿನಲ್ಲಿ ಮಾಳಿಗೆಯ ಮಣ್ಣು ಸಣ್ಣಗೆ ಇಳಿಯುತ್ತಿತ್ತು. "ಇರಲಿ ಬಿಡು. ಇನ್ನ ಮಣ್ಣು ಎಲ್ಲಿ ಬೀಳತೈತಿ ಅಂತಾದ್ರೂ ಕಾಣತೈತಿ," ಅಂದರು.

ಕಲ್ಲು ಬಿದ್ದ ಸಪ್ಪಳಕ್ಕೆ ಸಂದಿಯ ಆಚೆ ಗಾಜಿನ ಕಿಟಕಿ ಸರಿಯಿತು. ಕಾಕು ನಿಂತಿದ್ದರು. ಬೋಳು ಗೋಡೆಗೆ ಎದುರಾಗಿ ಹಟ ಮಾಡಿ ಇಡಿಸಿಕೊಂಡ ಕಿಟಕಿ. ಎರಡೂ ಕಿಟಕಿ ಒಂದರ ಎದುರು ಒಂದು, ಗೆರೆ ಹೊಡೆದಷ್ಟು ಸರಿಯಾಗಿ ಇದ್ದವು. ಸ್ಟಾಫ್ ರೂಮಿನಲ್ಲಿ ನಕ್ಕದ್ದು ನೆನಪಾಗಿ ನಾನು ಸರಿದು ಬಾಗಿಲ ಹಿಂದೆ ನಿಂತೆ.

"ಏನ ಬೇ," ಅಂದರು ಕಾಕು, "ಒಂದು ಖಿಡಕಿ ತಗ್ಯಾಕ ಇಷ್ಟೊತ್ತ ಬೇಕಾತೇನ? ನಾ ಮನಿ ಕಟ್ಟಿದಾಗಿಂದ ನಿಂತೇನಿ." ಆಮೇಲೆ ಕಿಟಕಿಯಿಂದ ಕೈ ಚಾಚಿದರು. "ಬೆಲ್ಲ ತಾ."

"ಎಲ್ಲಿ ಬೆಲ್ಲ? ಎಲ್ಲಾ ಗ್ವಾಡಿ ತಿಂದೈತಿ," ಅಂದರು ಅತ್ತೆ.

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆದರೆ ಕಾಕು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಿರಲಿಲ್ಲ. ಕಾಕುವಿಗೂ ಸಕ್ಕರೆ ಬೇನೆ ಇದೆ ಅನ್ನುವುದು ನನಗೆ ಗೊತ್ತಿತ್ತು. ಆದರೂ ಅಟ್ಟ ಹತ್ತಿ, ಬಚ್ಚಿಟ್ಟಿದ್ದ ಪೆಂಟಿಯನ್ನು ಇಳಿಸಿ, ಒಂದು ಸಣ್ಣ ಚೂರು ಮುರಿದು ಅತ್ತೆಯ ಕೈಯಲ್ಲಿ ಇಟ್ಟೆ. ಅವರು ನನ್ನ ಮುಖ ನೋಡಿದರು. ಆ ಚೂರನ್ನು ಎರಡು ಮಾಡಿ, ದೊಡ್ಡದನ್ನು ಸರಳುಗಳ ನಡುವಿನಿಂದ ಕಾಕುವಿನ ಕೈಗೆ ಮುಟ್ಟಿಸಿದರು, ಸಣ್ಣದನ್ನು ಬಾಯಿಗೆ ಹಾಕಿಕೊಂಡರು.

"ನಿನ್ನ ಗಂಡಗ ಹೇಳಬ್ಯಾಡ," ಅಂದರು.

ಮಗ್ಗಗಳು ಓಡುತ್ತಿದ್ದವು. ಹೇಳಿದ್ದರೂ ಅವರು ಹೂಂ ಅನ್ನುತ್ತಿದ್ದರು.